ದಾಖಲೆಗೆಂದು ಸರಿಮಾಡಿದ ಗಡಿಯಾರ

ಕಳೆದ ತಿಂಗಳು ಚನ್ನಗಿರಿಯ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹಳೆಯ ಸಾಮಾನುಗಳ ಪಟ್ಟಿ ಮಾಡುತ್ತಿದ್ದೆವು. ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಕೀಲಿ ಕೊಟ್ಟು ಓಡಿಸುವ ನಾಲ್ಕು ಸ್ಟಾಪ್‌ವಾಚುಗಳಿದ್ದವು. ಮುಚ್ಚಳ ತೆಗೆದ ಕೂಡಲೇ ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ವಾಸನೆ ಬಂತು. ನಾನು ಪೆನ್ನು ಕೆಳಗಿಟ್ಟು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದೆ. ಅಟೆಂಡರ್ "ಏನಾತ್ರಿ ಮೇಡಂ?" ಎಂದು ಕೇಳಿದರು. ಏನಿಲ್ಲ ಎಂದೆ. ನನಗೆ ಅದು ಒಬ್ಬ ಮನುಷ್ಯನ ಅಂಗೈಯ ವಾಸನೆ...

ಅವರು ನ್ಯಾಮತಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದರು. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಪುಸ್ತಕದಲ್ಲಿ ಬರೆಯಬೇಕು. ಹೊತ್ತು ಮೀರಿದರೂ ಇನ್ನೊಂದಿಷ್ಟು ಜನ ಸಿಗಲಿ ಎಂದು ನಿಂತಿರುವ ಬಸ್ಸನ್ನು ಸೀಟಿ ಊದಿ ಎಬ್ಬಿಸಬೇಕು. ಒಂದು ನಿಮಿಷದ ವಿಷಯಕ್ಕೆ ಕೊರಳಪಟ್ಟಿ ಹಿಡಿದುಕೊಂಡ ಇಬ್ಬರು ಡ್ರೈವರುಗಳನ್ನು ಬಿಡಿಸಬೇಕು. ಇಷ್ಟು ಅವರ ಕೆಲಸ. ನಿಲ್ದಾಣದ ಮೂಲೆಯಲ್ಲಿ ಹಸಿರು ಬಣ್ಣದ ಮರದ ಗೂಡು, ಅದರೊಳಗೆ ಒಂದು ಗೋಡೆ ಗಡಿಯಾರ. ಎಲ್ಲರ ಜೇಬಿನಲ್ಲೂ ಮೊಬೈಲ್ ಬಂದ ಕಾಲವೇ ಅದು. ಆದರೂ ನಿಲ್ದಾಣದಲ್ಲಿ ಆ ಗಡಿಯಾರದ ಮಾತೇ ಕೊನೆಯ ಮಾತು. ಜಗಳ ತೀರಬೇಕಾದರೆ ಎಲ್ಲರೂ ಒಪ್ಪುವ ಒಂದು ಮುಳ್ಳು ಬೇಕಲ್ಲ.

ಅವರ ಮನೆ ನಮ್ಮ ಬೀದಿಯಲ್ಲೇ ಇತ್ತು. ನಾನು ಮಾವ ಎನ್ನುತ್ತಿದ್ದೆ, ಸಂಬಂಧವೇನೂ ಇರಲಿಲ್ಲ. ಡ್ರೈವರುಗಳು ಎದುರಿಗೆ ಯಜಮಾನ್ರೆ ಎಂದೂ ಬೆನ್ನ ಹಿಂದೆ ‘ವಿಮಾನ’ ಎಂದೂ ಕರೆಯುತ್ತಿದ್ದರು.

ಆ ಹೆಸರು ಬಂದದ್ದು ಒಂದು ಪುಸ್ತಕದಿಂದ. ಹೊನ್ನಾಳಿಯ ರದ್ದಿ ಅಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣವಾಗಲು ಕಾದಿದ್ದ, ರಟ್ಟು ಹರಿದ, ಇಂಗ್ಲಿಷಿನ ದಪ್ಪ ಪುಸ್ತಕವನ್ನು ಅವರು ಯಾವಾಗಲೋ ಕೊಂಡು ತಂದಿದ್ದರು. ಜಗತ್ತಿನಲ್ಲಿ ಅತಿ ವೇಗವಾಗಿ ವಿಮಾನ ಹಾರಿಸಿದವರ ಚರಿತ್ರೆ ಅದು. ಅವರಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಅರ್ಥ ಅಷ್ಟಕ್ಕಷ್ಟೆ. ನಾನು ಹೊನ್ನಾಳಿಗೆ ಬಿ.ಎಸ್ಸಿ. ಓದಲು ದಿನಾ ಬಸ್ಸು ಹತ್ತುತ್ತಿದ್ದೆ. ಕಾಯುವ ಹೊತ್ತಿನಲ್ಲಿ ಗೂಡಿನ ಮುಂದಿನ ಬೆಂಚಿನ ಮೇಲೆ ಕೂರಿಸಿ ದಿನಕ್ಕೆ ಒಂದು ಪುಟ ಓದಿಸಿ ಕನ್ನಡದಲ್ಲಿ ಹೇಳಿಸುತ್ತಿದ್ದರು. ನಾನು ಜನರೊಂದಿಗೆ ಹೆಚ್ಚು ಮಾತಾಡುವವಳಲ್ಲ. ಆ ಬೆಂಚಿನ ಮೇಲೆ ಮಾತಾಡಿದಷ್ಟು ಕಾಲೇಜಿನಲ್ಲಿ ಮೂರು ವರ್ಷವೂ ಮಾತಾಡಿರಲಿಲ್ಲ.

ಮೊಟ್ಟಮೊದಲ ದಾಖಲೆ ಗಂಟೆಗೆ ನಲವತ್ತೊಂದು ಕಿಲೋಮೀಟರ್ ಎಂದು ಓದಿದ ದಿನ ಅವರು ಬೆಂಚಿನಿಂದ ಎದ್ದೇ ನಿಂತರು. "ನಲವತ್ತೊಂದಾ? ಸರಿಯಾಗಿ ನೋಡು ತಾಯಿ, ಒಂದು ಸೊನ್ನೆ ಹರಿದು ಹೋಗಿರ್ಬೇಕು." ಸೊನ್ನೆ ಹರಿದಿರಲಿಲ್ಲ. ಮುಂದೆ ಅದು ನೂರಾಯಿತು, ಐನೂರಾಯಿತು, ಸದ್ದಿನ ವೇಗವನ್ನೂ ದಾಟಿತು. ಒಂದು ಕಾಲಕ್ಕೆ ಎಲ್ಲಕ್ಕಿಂತ ವೇಗದ ವಿಮಾನಗಳು ನೀರಿನ ಮೇಲಿಂದ ಏಳುವಂಥವಾಗಿದ್ದವು. ಅಷ್ಟು ಉದ್ದ ಓಡಿ ಏಳುವುದಕ್ಕೆ ನೆಲ ಸಾಲದು, ಕಡಲಾದರೆ ಎಷ್ಟು ಬೇಕಾದರೂ ಓಡಬಹುದು. ಇಬ್ಬರು ಹೆಂಗಸರು, ಬೇರೆ ಬೇರೆ ದೇಶದವರು, ಒಬ್ಬರ ದಾಖಲೆಯನ್ನು ಒಬ್ಬರು ಕಿತ್ತುಕೊಳ್ಳುತ್ತ ವರ್ಷಗಟ್ಟಲೆ ಹಾರಿದ್ದರು. ಆ ಪುಟವನ್ನು ಅವರು ನನ್ನಿಂದ ಮೂರು ಸಲ ಓದಿಸಿದರು.

ಅವರಿಗೆ ಹಾರಿದವರಿಗಿಂತ ಅಳೆದವರ ಮೇಲೆ ಕಣ್ಣು. ಮೂರು ಕಿಲೋಮೀಟರ್ ಹಾದಿ, ಅದರ ಎರಡು ತುದಿಯಲ್ಲೂ ಒಂದೊಂದು ಕಂಬ, ಕಂಬದ ಬುಡದಲ್ಲಿ ಗಡಿಯಾರ ಹಿಡಿದ ಜನ. ವಿಮಾನ ಹೋಗುವಾಗ ಒಂದು ಸಲ ಅಳೆಯಬೇಕು, ತಿರುಗಿ ಬರುವಾಗ ಇನ್ನೊಂದು ಸಲ ಅಳೆಯಬೇಕು, ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಕು. "ಮತ್ತೆ? ಗಾಳಿ ಒಂದು ಕಡೆ ನೂಕ್ತೈತೆ, ಇನ್ನೊಂದು ಕಡೆ ತಡೀತೈತೆ. ಬರೇ ಹೋಗಿದ್ದು ಲೆಕ್ಕ ಹಿಡಿದ್ರೆ ಅದು ಗಾಳಿ ದಾಖಲೆ ಆತೇ ಹೊರತು ಅವಂದಲ್ಲ" ಎನ್ನುತ್ತಿದ್ದರು. ಪುಸ್ತಕದಲ್ಲಿ ಹಾರಿದವರ ಫೋಟೋ ಇತ್ತು, ವಿಮಾನದ ಫೋಟೋ ಇತ್ತು. ಕಂಬದ ಬುಡದಲ್ಲಿ ನಿಂತವರ ಹೆಸರು ಎಲ್ಲೂ ಇರಲಿಲ್ಲ. "ಟೈಮ್‌ಕೀಪರ್ ಹಣೆಬರಹ ಎಲ್ಲಾ ಕಡೆ ಒಂದೇ" ಎಂದು ನಗುತ್ತಿದ್ದರು. ಅವರ ಬಳಿಯೂ ಒಂದು ಸ್ಟಾಪ್‌ವಾಚ್ ಇತ್ತು. ವಾರಕ್ಕೊಮ್ಮೆ ಬಿಚ್ಚಿ ಎಣ್ಣೆ ಬಿಟ್ಟು, ಅಂಗೈಯಲ್ಲೇ ಒರೆಸಿ, ಕಿವಿಗಿಟ್ಟು ಕೇಳುತ್ತಿದ್ದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು... ನಿಲ್ಲಲಿಲ್ಲ.

ನಲವತ್ತೊಂದರ ಸುದ್ದಿ ಡ್ರೈವರುಗಳಿಗೆ ಮುಟ್ಟಿತು. ನಾನು ದಿನಾ ಹತ್ತುತ್ತಿದ್ದ ಎಂಟೂಕಾಲರ ಬಸ್ಸಿನ ಡ್ರೈವರ್ ಇಪ್ಪತ್ತಾರು ವರ್ಷದವನಿರಬೇಕು, ಮಾತಿನಲ್ಲಿ ಬಲು ಚುರುಕು. ಒಂದು ದಿನ ಸ್ಟೇರಿಂಗಿನ ಮೇಲಿಂದಲೇ ಕೂಗಿದ: "ಏನ್ ಯಜಮಾನ್ರೆ, ನಿಮ್ಮ ವಿಮಾನದೋನು ನಲವತ್ತೊಂದಂತೆ? ನಮ್ಮ ಗಾಡಿ ಮುದುಕಿ ಆದ್ರೂ ಅರವತ್ತು ಹೋಗ್ತಾಳೆ. ನನ್ನ ಫೋಟೋನೂ ಹಾಕ್ರಿ ಪುಸ್ತಕದಾಗೆ!"

"ಅವ್ನ ಹಿಂದೆ ಅರವತ್ತು ಜನ ಟಿಕೆಟ್ ತಗೊಂಡು ಕುಂತಿರ್ಲಿಲ್ಲ ಕಣಪ್ಪಾ. ಬಿದ್ರೆ ಅವನೊಬ್ಬನೇ ಬೀಳ್ತಿದ್ದ."

"ಆತು ಬಿಡ್ರಿ. ಸೋತ್ರಿ ಅಂತ ಒಪ್ಕಳ್ರಿ."

"ನೀನು ಹೇಳಿದ್ರೆ ದಾಖಲೆ ಆಗಲ್ಲ. ಅಳೆದೋರು ಹೇಳ್ಬೇಕು."

ನಿಲ್ದಾಣವೆಲ್ಲ ನಕ್ಕಿತು. ಮರುದಿನ ಗೂಡಿನ ಬಾಗಿಲಿಗೆ ಒಂದು ಸ್ಲೇಟು ನೇತಾಡಿತು. ನ್ಯಾಮತಿಯಿಂದ ಹೊನ್ನಾಳಿಗೆ ಎಷ್ಟು ನಿಮಿಷ, ಹೊನ್ನಾಳಿಯಿಂದ ನ್ಯಾಮತಿಗೆ ಎಷ್ಟು ನಿಮಿಷ, ಎರಡರ ಸರಾಸರಿ, ಕೊನೆಗೆ ಡ್ರೈವರನ ಹೆಸರು. ನಿಯಮಗಳನ್ನೂ ಹಾಕಿದರು: ಯಾವ ನಿಲುಗಡೆಯನ್ನೂ ಬಿಡಬಾರದು, ಕೈ ಅಡ್ಡ ಹಿಡಿದ ಯಾರನ್ನೂ ಹತ್ತಿಸಿಕೊಳ್ಳದೆ ಹೋಗಬಾರದು. ನಿಯಮ ಇದ್ದರೆ ಅಪಾಯ ಇಲ್ಲ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ. ಸರಾಸರಿ ತೆಗೆದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವಳು ನಾನೇ. ದಶಮಾಂಶದ ನಂತರ ಒಂದು ಅಂಕಿ ಇರಲೇಬೇಕೆಂದು ಹಟ ಹಿಡಿದವಳೂ ನಾನೇ.

ಒಂದೆರಡು ದಿನಕ್ಕೇ ಅವರಿಗೆ ಕಿರಿಕಿರಿ ಶುರುವಾಯಿತು. ಗೂಡಿನ ಗಡಿಯಾರವನ್ನು ಬಹಳ ಹಿಂದಿನಿಂದ ಐದು ನಿಮಿಷ ಮುಂದೆ ಇಡುವ ರೂಢಿಯಿತ್ತು. ಬಸ್ಸುಗಳು ಬೇಗ ಎದ್ದು ಹೊರಡಲಿ ಎಂದು ಯಾರೋ ಮಾಡಿದ್ದು, ಊರಿಗೆಲ್ಲ ಗೊತ್ತಿದ್ದದ್ದು. ಆ ತುದಿಯ ಹೊತ್ತು ಬರೆಯುತ್ತಿದ್ದ ಹೊನ್ನಾಳಿ ನಿಲ್ದಾಣದ ಗಡಿಯಾರ ಸರಿಯಾಗಿತ್ತು. ಒಂದು ಕಂಬದಲ್ಲಿ ಸುಳ್ಳು ಗಡಿಯಾರ, ಇನ್ನೊಂದರಲ್ಲಿ ನಿಜದ ಗಡಿಯಾರ. "ಸರಾಸರಿ ತೆಗೆದ್ರೆ ಆ ಐದು ನಿಮಿಷ ಹೊಡೆದುಹೋಗುತ್ತೆ ಮಾವ" ಎಂದು ನಾನು ಲೆಕ್ಕ ಮಾಡಿ ತೋರಿಸಿದೆ. ಅವರು ಒಪ್ಪಲಿಲ್ಲ. "ಹೊಡೆದುಹೋದ್ರೂ ಸುಳ್ಳು ಸುಳ್ಳೇ. ದಾಖಲೆ ಬರೆಯೋ ಗಡಿಯಾರ ಹಂಗೆ ಇರಬಾರ್ದು." ಒಂದು ಸೋಮವಾರ, ಮೊದಲ ಬಸ್ಸಿಗೂ ಮುಂಚೆ, ಸ್ಟೂಲು ಹತ್ತಿದರು. ಸ್ಟೂಲು ಹಿಡಿದವಳು ನಾನು. ರೇಡಿಯೋ ಸಮಯ ಹೇಳುತ್ತಿದ್ದಂತೆ ಮುಳ್ಳನ್ನು ಐದು ನಿಮಿಷ ಹಿಂದಕ್ಕೆ ತಿರುಗಿಸಿದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಡ್ರೈವರುಗಳು ಇನ್ನೈದು ನಿಮಿಷ ಇದೆಯೆಂದು ಚಹಾಕ್ಕೆ ಕೂರುತ್ತಾರೆ ಎಂದು ಅವರ ಯೋಚನೆ.

ಅವರಿಗೂ ನನಗೂ ಹೊಳೆಯದೇ ಹೋದದ್ದು ಒಂದೇ ವಿಷಯ. ಗಡಿಯಾರ ಹಿಂದಕ್ಕೆ ಬಂದಿತ್ತು, ಹಾಗಾಗಿ ಬಸ್ಸುಗಳು ಐದು ನಿಮಿಷ ತಡವಾಗಿ ಹೊರಡತೊಡಗಿದವು. ಹೊನ್ನಾಳಿ ಮುಟ್ಟಬೇಕಾದ ಹೊತ್ತು ಮಾತ್ರ ಬದಲಾಗಲಿಲ್ಲ. ಆ ಐದು ನಿಮಿಷವನ್ನು ಡ್ರೈವರುಗಳು ದಾರಿಯಲ್ಲೇ ಹುಡುಕಬೇಕಿತ್ತು.

ಅದೇ ವಾರದ ಬುಧವಾರ ನಾನು ಎಂಟೂಕಾಲರ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಏಳನೇ ಕಿಲೋಮೀಟರಿನ ಹತ್ತಿರ ಕೆರೆ ಏರಿಯ ತಿರುವು. ಜಗಳೂರು ಕಡೆಯ ಕುರಿಗಾಹಿಗಳು ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಬರುತ್ತಾರೆ. ಅಂಥ ಒಬ್ಬರು ಕುರಿಗಳನ್ನು ರಸ್ತೆ ದಾಟಿಸುತ್ತಿದ್ದರು. ಬ್ರೇಕಿನ ಸದ್ದು, ನಂತರದ ಸದ್ದು... ಅದನ್ನು ನಾನು ಬರೆಯುವುದಿಲ್ಲ. ಹನ್ನೊಂದು ಕುರಿ ಸತ್ತವು. ಕುರಿಗಾಹಿಯ ಬಲಗಾಲು ಮಂಡಿಯ ಕೆಳಗೆ ಉಳಿಯಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದವಳು ನಾನು. ನನ್ನ ಮೊಬೈಲಿನಲ್ಲಿ ಆ ಕರೆಯ ಹೊತ್ತು ಉಳಿದುಕೊಂಡಿತು: ಎಂಟು ಇಪ್ಪತ್ತಮೂರು.

ಕುರಿಗಾಹಿಯೇ ಹಿಂದುಮುಂದು ನೋಡದೆ ರಸ್ತೆಗೆ ನುಗ್ಗಿದ ಎಂದು ಮರುದಿನದ ಹೊತ್ತಿಗೆ ಮಾತು ಕಟ್ಟಿಯಾಗಿತ್ತು. ಬಸ್ಸು ನಿಧಾನವಾಗಿ ಹೋಗುತ್ತಿತ್ತಂತೆ. ಪ್ರಯಾಣಿಕರು ಯಾರೂ ಏನೂ ನೋಡಿರಲಿಲ್ಲವಂತೆ. ಆ ಮನುಷ್ಯ ಪರವೂರಿನವನು, ಆಸ್ಪತ್ರೆಯಲ್ಲಿದ್ದ; ಬಸ್ಸು ನಮ್ಮೂರಿನದು, ನಾಳೆಯೂ ಹತ್ತಬೇಕಾದದ್ದು.

ನಾನು ಸಂಜೆ ಗೂಡಿನ ಹತ್ತಿರ ಹೋದಾಗ ಬಸ್ಸಿನ ಮಾಲೀಕರು ಬೆಂಚಿನ ಮೇಲೆ ಕುಳಿತಿದ್ದರು. ದನಿ ಏರಿಸದ, ಮರ್ಯಾದೆಯ ಮನುಷ್ಯ.

"ಸುಳ್ಳು ಹೇಳ್ರಿ ಅಂತ ನಾನು ಹೇಳಾಕೆ ಬಂದಿಲ್ಲ ಯಜಮಾನ್ರೆ. ಪುಸ್ತಕದಾಗೆ ಎಂಟೂಕಾಲು ಅಂತ ಐತೆ, ಇರ್ಲಿ. ಈ ಗಡಿಯಾರ ಐದು ನಿಮಿಷ ಮುಂದೆ ಅಂತ ಊರಿಗೇ ಗೊತ್ತು. ಅಂದ್ರೆ ಗಾಡಿ ಬಿಟ್ಟಿದ್ದು ಎಂಟು ಹತ್ತಕ್ಕೆ. ಅಷ್ಟು ಕೇಳಿದ್ರೆ ಹೂಂ ಅನ್ರಿ. ಕೇಳ್ದಿದ್ರೆ ಅದೂ ಬ್ಯಾಡ."

ಮಾವ ಪುಸ್ತಕ ಮುಚ್ಚಿಟ್ಟರು. ಮಾಲೀಕರು ಎದ್ದು ಹೋದ ಮೇಲೆ ನಾನು ಮೊಬೈಲ್ ತೋರಿಸಿದೆ. ಇಳಿದು ಫೋನ್ ಮಾಡುವುದಕ್ಕೆ ಹಿಡಿದ ಒಂದು ನಿಮಿಷ ಕಳೆದರೆ, ಎಂಟು ಹತ್ತಕ್ಕೆ ಹೊರಟಿದ್ದರೆ ಏಳು ಕಿಲೋಮೀಟರಿಗೆ ಹನ್ನೆರಡು ನಿಮಿಷ. ಅದು ಸಾಧು ಬಸ್ಸು. ಎಂಟೂಕಾಲಿಗೆ ಹೊರಟಿದ್ದರೆ ಏಳು ನಿಮಿಷ. ನಡುವೆ ಒಂದು ನಿಲುಗಡೆ ಬೇರೆ, ಆ ರಸ್ತೆಯಲ್ಲಿ, ಆ ತಿರುವಿನಲ್ಲಿ. ಗಡಿಯಾರ ಸರಿಯಾಗಿತ್ತೆಂದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅದನ್ನು ಹೇಳಬೇಕಾದರೆ ಯಾಕೆ ಸರಿಮಾಡಿದಿರಿ ಎಂಬುದನ್ನೂ ಹೇಳಬೇಕು.

ಅವರು ಗಡಿಯಾರವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಐದು ನಿಮಿಷ ನಾನು ಕಿತ್ಕೊಂಡೆ ತಾಯಿ. ಆ ಹುಡುಗಂದು" ಎಂದರು. ಆಗಲೇ ನನಗೂ ಹೊಳೆದದ್ದು.

"ಸರಾಸರಿ ಬರೆದವಳು ನಾನು ಮಾವ."

"ನೀನು ಬರ್ದಿದ್ದು ಲೆಕ್ಕ. ಮುಳ್ಳು ಮುಟ್ಟಿದ್ದು ನಾನು."

"ಸ್ಟೂಲು ಹಿಡಿದಿದ್ದೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಹಂಗಾದ್ರೆ ನಾಳೆ ಠಾಣೆಯಾಗೆ ಆ ತುದಿಗೆ ನೀನು ನಿಲ್ಲು, ಈ ತುದಿಗೆ ನಾನು ನಿಲ್ತೀನಿ" ಎಂದರು.

ಮನೆಯಲ್ಲಿ ಅಮ್ಮ, "ಹೆಣ್ಣುಮಕ್ಕಳಿಗೆ ಪೊಲೀಸ್ ಸ್ಟೇಷನ್ ಯಾಕವ್ವಾ? ಫೋನು ಕೊಟ್ಟು ಕಳ್ಸು, ಅವರೇ ತೋರಿಸ್ತಾರೆ" ಎಂದರು. ಫೋನು ಮಾತಾಡುವುದಿಲ್ಲ ಎಂದು ನಾನು ಹೇಳಿದೆ. ನನ್ನ ಜೀವನದಲ್ಲಿ ಅಮ್ಮನಿಗೆ ಎದುರಾಡಿದ್ದು ಬಹುಶಃ ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಸ್ಲೇಟು ಹಿಡಿದು ನಿಲ್ದಾಣಕ್ಕೆ ಬಂದರು. ಯಾರೋ ಅದರ ಮೇಲಿನ ಬರಹವನ್ನು ಅಳಿಸಲು ಬಂದಿದ್ದರಂತೆ, ಬಿಡದೆ ರಾತ್ರಿ ಮನೆಗೇ ಒಯ್ದಿದ್ದರು. ಸುದ್ದಿ ಅದಾಗಲೇ ಹರಡಿತ್ತು. ಮೊದಲ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, "ಸೀಟಿಲ್ಲ ಯಜಮಾನ್ರೆ" ಎಂದ. ಒಳಗೆ ಅರ್ಧ ಬಸ್ಸು ಖಾಲಿ. ಎರಡನೆಯದರಲ್ಲೂ ಸೀಟಿಲ್ಲ. ಮೂರನೆಯವನು, "ವಿಮಾನದಾಗೆ ಹೋಗ್ರಿ" ಎಂದು ನಕ್ಕ. ಇಪ್ಪತ್ತು ವರ್ಷ ಅವರ ಸೀಟಿಯ ಸದ್ದಿಗೆ ಎದ್ದು ಹೊರಟ ಬಸ್ಸುಗಳು ಅವು. ಕೊನೆಗೆ ಮೆಕ್ಕೆಜೋಳದ ಚೀಲ ತುಂಬಿದ ಗೂಡ್ಸ್ ಆಟೋದಲ್ಲಿ, ಚೀಲಗಳ ಮೇಲೆ ಕುಳಿತು ಹೊನ್ನಾಳಿಗೆ ಹೋದೆವು. ಕೆರೆ ಏರಿಯ ತಿರುವಿನಲ್ಲಿ ಅವರು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು. ಆಟೋ ದಾಟಿ ಮುಂದೆ ಹೋದ ಮೇಲೆ ಮತ್ತೆ ಹಾಕಿಕೊಂಡರು.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಸ್ಲೇಟನ್ನು ತಿರುಗಿಸಿ ನೋಡಿ, "ಏನ್ರೀ ಇದು, ಹೋಟ್ಲಿಂದ ತಿಂಡಿ ಪಟ್ಟಿ ಕಿತ್ಕೊಂಡು ಬಂದೀರಾ?" ಎಂದರು.

"ದಾಖಲೆ ಪಟ್ಟಿ ಸಾಹೇಬ್ರೆ. ಯಾವ ಡ್ರೈವರು ಎಷ್ಟು ನಿಮಿಷಕ್ಕೆ ಮುಟ್ಟಿದ ಅಂತ. ನಾನೇ ನಡೆಸ್ತಿದ್ದೆ."

"ಗಡಿಯಾರ ಐದು ನಿಮಿಷ ಮುಂದಿತ್ತಂತಲ್ಲ?"

"ಇತ್ತು. ಸೋಮವಾರ ನಾನೇ ಸರಿ ಮಾಡ್ದೆ. ದಾಖಲೆ ಸರಿಯಾಗಿ ಬರೀಬೇಕಲ್ಲ, ಅದಕ್ಕೆ. ಡ್ರೈವರಿಗೆ ಹೇಳ್ಲಿಲ್ಲ. ಅವ್ನು ತಡ ಆತು ಅಂತ ಓಡಿಸ್ದ. ಜೋರು ಓಡಿಸಿದ್ದು ಅವನ ತಪ್ಪು, ಓಡಂಗೆ ಮಾಡಿದ್ದು ನಂದು. ಕುರಿ ಕಾಯೋನ ತಪ್ಪು ಇದ್ರಾಗೆ ಎಲ್ಲೂ ಇಲ್ಲ. ಹಂಗೇ ಬರ್ಕಳ್ರಿ."

ಸಬ್‌ಇನ್‌ಸ್ಪೆಕ್ಟರ್ ಪೆನ್ನು ತೆರೆಯದೆ ಕೇಳಿದರು: "ಇದು ನಿಮ್ಮ ಕುತ್ತಿಗೆಗೇ ಬರ್ತೈತೆ, ಗೊತ್ತೈತಾ?"

"ಬರ್ಬೇಕಾದ್ದೇ ಅಲ್ರೀ."

ನಾನು ನನ್ನ ಕರೆಯ ಹೊತ್ತು ತೋರಿಸಿದೆ. ಸ್ಟೂಲಿನ ವಿಷಯ ಹೇಳಿದೆ. ಸರಾಸರಿಗಳ ಕೈಬರಹ ನನ್ನದೆಂದೂ ಹೇಳಿದೆ. ಮಾವ ನಡುವೆ ಬಾಯಿ ಹಾಕಿ ತಡೆಯುತ್ತಾರೇನೋ ಎಂದುಕೊಂಡಿದ್ದೆ. ತಡೆಯಲಿಲ್ಲ. ನನ್ನ ಪಾಲನ್ನು ನನಗೇ ಬಿಟ್ಟ ಆ ಗೌರವವನ್ನು ಇವತ್ತಿಗೂ ಯಾರಿಗೆ ಹೇಗೆ ವಿವರಿಸಬೇಕೋ ನನಗೆ ತಿಳಿಯದು.

ಕುರಿಗಾಹಿಯ ಮೇಲೆ ಹೊರಿಸಿದ್ದ ತಪ್ಪು ಕಾಗದದಿಂದ ಹೋಯಿತು. ಡ್ರೈವರನ ಮೇಲೆ ಮೊಕದ್ದಮೆ ನಡೆಯಿತು. ವಾರದೊಳಗೆ ಗೂಡಿಗೆ ಬೇರೆಯವರು ಬಂದರು. ಬಂದವರು ಮೊದಲು ಮಾಡಿದ ಕೆಲಸ ಗಡಿಯಾರವನ್ನು ಐದು ನಿಮಿಷ ಮುಂದಕ್ಕೆ ತಿರುಗಿಸಿದ್ದು. ಡ್ರೈವರ್ ಒಂದು ಸಂಜೆ ನಮ್ಮ ಬೀದಿಗೆ ಬಂದು ಅವರ ಮನೆ ಮುಂದೆ ನಿಂತು, "ನೀವೇ ಹೆಸರು ಬರೆದ್ರಿ, ನೀವೇ ಅಳಿಸಿದ್ರಿ. ಏನ್ ಮನುಷ್ಯರ್ರೀ ನೀವು!" ಎಂದು ಕೂಗಿದ. ಅವರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. "ಹೌದಪ್ಪಾ. ಬೈಯಿ. ಒಳಗೆ ಬಂದು ಕುಂತ್ಕೊಂಡು ಬೈಯಿ" ಎಂದರು. ಅವನು ಒಳಗೆ ಹೋಗಲಿಲ್ಲ, ಹೊರಟೂ ಹೋಗಲಿಲ್ಲ. ಬೀದಿಯಲ್ಲೇ ತುಂಬಾ ಹೊತ್ತು ಅಳುತ್ತ ನಿಂತಿದ್ದ...

ಊರು ಅವರನ್ನು ಎರಡು ಹೆಸರಿನಿಂದ ನೆನೆಯಿತು. ಕೆಲವರಿಗೆ ಅನ್ನ ಕೊಟ್ಟವರಿಗೇ ದ್ರೋಹ ಮಾಡಿದವರು. ಕೆಲವರಿಗೆ ಬಸ್ಸಿಗೆ ರೇಸ್ ಹಚ್ಚಿದ ಹುಚ್ಚ. ಅವರು ತಲೆ ತಗ್ಗಿಸಲಿಲ್ಲ. ದಿನಾ ಸಂಜೆ ಅದೇ ನಿಲ್ದಾಣದ ಮುಂದೆ ಹಾದು ಪೇಟೆಗೆ ಹೋಗುತ್ತಿದ್ದರು. ಬೇರೆ ದಾರಿ ಇತ್ತು, ಹಿಡಿಯಲಿಲ್ಲ. ಆ ಪುಸ್ತಕವನ್ನು ನನ್ನಿಂದ ಮತ್ತೆ ಓದಿಸಲೂ ಇಲ್ಲ. ಕೊನೆಯ ಎಪ್ಪತ್ತು ಪುಟ ಹಾಗೆಯೇ ಉಳಿದವು.

ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ನಾನು ಪರೀಕ್ಷೆಯ ಮೌಲ್ಯಮಾಪನಕ್ಕೆ ಬೇರೆ ಊರಿನಲ್ಲಿದ್ದೆ. ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನ್ಯಾಮತಿ ಈಗ ತಾಲ್ಲೂಕು ಕೇಂದ್ರ. ಊರಿನ ಹಿರಿಯರನ್ನು ನೆನೆಯುವ ಪುಸ್ತಕವೊಂದನ್ನು ತರುತ್ತೇವೆಂದು ಒಂದು ಸಮಿತಿಯವರು ಈ ವರ್ಷ ನನಗೆ ಫೋನ್ ಮಾಡಿದರು. ಕಾಲ ಎಲ್ಲವನ್ನೂ ನಯಮಾಡುತ್ತದೆ. ಮಾವನೂ ಈಗ ಹಿರಿಯರ ಪಟ್ಟಿಯಲ್ಲಿದ್ದರು. "ನಿಮಗೆ ಅವರು ಚೆನ್ನಾಗಿ ಗೊತ್ತಂತಲ್ಲ ಮೇಡಂ, ಒಂದು ಪುಟ ಬರ್ದು ಕೊಡ್ರಿ. ಸ್ಲೇಟು, ಗಡಿಯಾರ ಅದೆಲ್ಲ ಬ್ಯಾಡ. ಪ್ರಾಮಾಣಿಕ್ರು, ಸಮಯಕ್ಕೆ ಬೆಲೆ ಕೊಟ್ಟೋರು ಅಂತ ಬರೀರಿ. ಸತ್ತೋರ ತಪ್ಪು ಯಾಕೆ ಎತ್ತಾಡ್ಬೇಕು?"

ಯೋಚಿಸಿ ಹೇಳುತ್ತೇನೆ ಎಂದೆ. ಆ ಭಾನುವಾರ ಬಸ್ಸು ಹಿಡಿದು ಜಗಳೂರಿಗೆ, ಅಲ್ಲಿಂದ ಕುರಿಗಾಹಿಯ ಹಳ್ಳಿಗೆ ಹೋದೆ. ಮಾವ ತೀರಿಕೊಂಡದ್ದನ್ನು ಕುರಿಗಾಹಿಗೆ ಯಾರೂ ತಿಳಿಸಿರಲಾರರು ಎಂದುಕೊಂಡಿದ್ದೆ. ಅವರಿಗೆ ಗೊತ್ತಿತ್ತು. ಹಟ್ಟಿಯ ಮುಂದೆ ಕೃತಕ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟು, ಉಣ್ಣೆ ಬಿಡಿಸುತ್ತ ಕುಳಿತಿದ್ದರು. ನಾನು ಯಾರೆಂದು ಹೇಳಿದೆ. ಸ್ಟೂಲು ಹಿಡಿದವಳೆಂದೂ ಹೇಳಿದೆ. ಉಣ್ಣೆಯನ್ನು ಕೆಳಗಿಟ್ಟರು.

"ವರ್ಷಕ್ಕೆ ಎರಡು ಸಲ ಬರ್ತಿದ್ದ" ಎಂದರು ಕೊನೆಗೆ. "ಮೊದಲ್ನೇ ಸಲ ನನ್ನ ಹೆಂಡ್ತಿ ಬಾಗ್ಲು ಹಾಕಿದ್ಲು. ಬಿಸಿಲಾಗೇ ನಿಂತಿದ್ದ. ನಾನೇ ಗಡಿಯಾರ ತಿರುವಿದೋನು ಅಂದ. ನಾನು ಅವನ್ನ ಕ್ಷಮಿಸಿಲ್ಲ ಕಣವ್ವಾ. ಅವ್ನು ಕೇಳ್ಲೂ ಇಲ್ಲ. ಆದ್ರೆ ಇಷ್ಟು ಜನದಾಗೆ, ನಂದು ತಪ್ಪು ಅಂತ ಮನೆ ಬಾಗ್ಲಿಗೆ ಬಂದು ಹೇಳ್ದೋನು ಅವನೊಬ್ಬನೇ."

ಮತ್ತೆ ಉಣ್ಣೆ ಕೈಗೆತ್ತಿಕೊಂಡು, "ಈಗ ನೀನು" ಎಂದರು.

ಆ ಮಾತುಗಳನ್ನು ಒಂದಕ್ಷರ ಬಿಡದೆ, ಸ್ಲೇಟು, ಗಡಿಯಾರ, ಸ್ಟೂಲು ಎಲ್ಲವನ್ನೂ ಸೇರಿಸಿ ಬರೆದು ಸಮಿತಿಗೆ ಕಳಿಸಿದೆ. ಹಾಕಿದರೆ ಪೂರ್ತಿ ಹಾಕಿ, ಇಲ್ಲವಾದರೆ ಬೇಡ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ತಪ್ಪನ್ನು ತೆಗೆದುಹಾಕಿದರೆ ಅವರು ಠಾಣೆಗೆ ಹೋದ ಆ ಶುಕ್ರವಾರವೂ ಹೋಗುತ್ತದೆ. ಆಮೇಲೆ ಆ ಪುಟದಲ್ಲಿ ಉಳಿಯುವುದು ಇಸ್ತ್ರಿ ಮಾಡಿದ ಅಂಗಿ ಮಾತ್ರ. ನನಗೆ ಅವರನ್ನು ಒಮ್ಮೆ ಕಳೆದುಕೊಂಡದ್ದು ಸಾಕು.

ಪುಸ್ತಕ ಹೊರಬಂದಿದೆಯಂತೆ. ಅವರ ಭಾವಚಿತ್ರದ ಕೆಳಗೆ ಮೂರು ಒಳ್ಳೆಯ ಸಾಲುಗಳಿವೆಯಂತೆ. ಬರೆದವರು ಯಾರೋ ನನಗೆ ಗೊತ್ತಿಲ್ಲ. ನಾನಲ್ಲ.